ಜಗಳ ಬರೆಯಲು ಬಾರದವಳು

ಪ್ರೇಮಕಥೆ ಬರೆಯುವವರ ಮನೆಯಲ್ಲಿ ಗುಲಾಬಿ ಗಿಡ ಇರಲೇಬೇಕೆಂದು ಯಾರು ಕಾನೂನು ಮಾಡಿದರೋ ನನಗೆ ಗೊತ್ತಿಲ್ಲ. ಹಾನಗಲ್ಲಿನ ನನ್ನ ಬಾಡಿಗೆ ಮನೆಗೆ ಮೊದಲ ಸಲ ಬರುವ ಓದುಗರೆಲ್ಲ ಅಂಗಳದಲ್ಲಿ ಒಮ್ಮೆ ಕಣ್ಣಾಡಿಸುತ್ತಾರೆ. ಅಲ್ಲಿ ಒಂದು ಕರಿಬೇವಿನ ಗಿಡ, ಮಾಲೀಕರ ಕೆಟ್ಟು ನಿಂತ ಸ್ಕೂಟರು, ಅದರ ಸೀಟಿನ ಮೇಲೆ ಮಲಗಿದ ಬೆಕ್ಕು ಕಂಡು ಅವರ ಮುಖ ಸಣ್ಣದಾಗುತ್ತದೆ. ಆಮೇಲೆ ಚಹಾ ಕುಡಿಯುತ್ತ, ಮದುವೆಯಾಗದ ನೀವು ಪ್ರೀತಿಯ ಬಗ್ಗೆ ಇಷ್ಟೆಲ್ಲ ಹೇಗೆ ಬರೆಯುತ್ತೀರಿ ಎಂದು ಕೇಳುತ್ತಾರೆ. ಪತ್ತೇದಾರಿ ಕಾದಂಬರಿ ಬರೆಯುವವರನ್ನು ನೀವೆಷ್ಟು ಕೊಲೆ ಮಾಡಿದ್ದೀರಿ ಎಂದು ಯಾರಾದರೂ ಕೇಳುತ್ತಾರೆಯೇ ಎಂದು ತಿರುಗಿ ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ. ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳಿ ಎನ್ನುತ್ತೇನೆ. ಎದುರು ಮಾತಾಡುವುದು ನನಗೆ ಬಾರದ ವಿದ್ಯೆ. ಎಂ.ಎ. ಪರೀಕ್ಷೆಯ ಯಾವ ಪ್ರಶ್ನೆಪತ್ರಿಕೆಯಲ್ಲೂ ಅದನ್ನು ಇಟ್ಟಿರಲಿಲ್ಲ.

ಹೋದ ತಿಂಗಳು ಒಂದು ಮಾಸಪತ್ರಿಕೆಯಿಂದ ಫೋನು ಬಂತು. ಆ ಕಡೆಯ ಹುಡುಗಿಯದು ಸಕ್ಕರೆಯಂಥ ಮಾತು. "ಮೇಡಂ, ಲೇಖಕರ ಇತ್ತೀಚಿನ ಮೆಚ್ಚಿನವು ಅಂತ ಒಂದು ಪುಟ ಮಾಡ್ತಿದ್ದೀವಿ. ಈಗ ನಿಮಗೆ ತುಂಬಾ ಇಷ್ಟವಾದ ವಸ್ತುಗಳು ಯಾವುವು, ಬರವಣಿಗೆಯಲ್ಲಿ ನಿಮ್ಮ ಸ್ನೇಹಿತರು ಯಾರು. ಎರಡೇ ಪ್ರಶ್ನೆ." ನಾನು ಸಂತೋಷದಿಂದ ಒಪ್ಪಿದೆ. ಕಾಲೇಜಿನಲ್ಲಿ ಕನ್ನಡ ಕಲಿಸುವವಳಿಗೆ ಪ್ರಶ್ನೆ ಕೇಳಿ ಕೇಳಿ ಸಾಕಾಗಿರುತ್ತದೆ. ಯಾರಾದರೂ ನಮ್ಮನ್ನೇ ಕೇಳಿದರೆ ಅದೊಂದು ಸುಖ.

ಬರೆಯಲು ಕುಳಿತೆ. ಮೊದಲು ಬಂದದ್ದು ಕಾಂಪೌಂಡ್ ಗೋಡೆ. ಎದೆಮಟ್ಟದ್ದಲ್ಲ, ತಲೆಗಿಂತ ಎತ್ತರದ್ದು. ಆಮೇಲೆ ಒಳಗಿನಿಂದ ಚಿಲಕ ಬೀಳುವ ಕಬ್ಬಿಣದ ಗೇಟು. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ಏಕೆಂದರೆ ಓಡುವಾಗ ಅದು ಕಳಚುವುದಿಲ್ಲ. ಚಹಾದಂಗಡಿಯಲ್ಲಿ ಬೆನ್ನು ಗೋಡೆಗೆ ತಾಗುವ ಕುರ್ಚಿ. ಬರೆದದ್ದನ್ನು ಓದಿಕೊಂಡರೆ ಅದು ಪ್ರೇಮಕಥೆ ಬರೆಯುವವಳ ಮೆಚ್ಚಿನವುಗಳಾಗಿ ಕಾಣಲಿಲ್ಲ, ಜೈಲಿನ ಅಧಿಕಾರಿಯೊಬ್ಬರು ನಿವೃತ್ತಿಯ ದಿನ ಮಾಡಿದ ಭಾಷಣದಂತಿತ್ತು. ಕೊನೆಗೆ ಹುಣ್ಣಿಮೆ ಎಂದು ಸೇರಿಸಿದೆ. ಹುಣ್ಣಿಮೆ ನೋಡಲು ಗೇಟು ತೆಗೆದು ಹೊರಗೆ ಹೋಗಬೇಕೆಂದು ನೆನಪಾಗಿ ಹೊಡೆದುಹಾಕಿದೆ.

ಎರಡನೆಯ ಪ್ರಶ್ನೆಗೆ ನನ್ನ ಬಳಿ ಇದ್ದದ್ದು ಒಂದೇ ಹೆಸರು. ಅದನ್ನು ಬರೆಯಲು ಕೈ ಬರಲಿಲ್ಲ.

ಶಮೀಮ್ ಸವಣೂರಿನವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ, ಗಂಡನದು ವೀಳ್ಯದೆಲೆಯ ವ್ಯಾಪಾರ. ನನ್ನ ಹಾಗೆ ಅವಳೂ ಪ್ರೇಮಕಥೆ ಬರೆಯುತ್ತಾಳೆ. ಹಿರೇಕೆರೂರಿನಲ್ಲಿ ನಡೆದ ಒಂದು ಕಥಾ ಕಮ್ಮಟದಲ್ಲಿ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳು, ತಟ್ಟೆಯಿಂದ ನನ್ನ ಬೆನ್ನಿಗೆ ಮೆಲ್ಲಗೆ ತಿವಿದು, "ನಿಮ್ಮ ಕಥಿ ಓದೇನ್ರಿ. ಹುಡುಗ ಹುಡುಗಿ ಚಲೋ ಕೂಡ್ತಾರ. ಆದ್ರ ಜಗಳಾ ಆಡುವಾಗ ಇಬ್ರೂ ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡ್ತಾರಲ್ರಿ" ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಆದರೆ ನಾನೂ ಅವಳ ಕಥೆಗಳನ್ನು ಓದಿದ್ದೆ. ಅವಳ ದಂಪತಿಗಳು ಜಗಳವಾಡಿದರೆ ಪಕ್ಕದ ಮನೆಯವರು ಬಂದು ಬಿಡಿಸಬೇಕು, ಅಷ್ಟು ಜೀವಂತ. ಅದೇ ಇಬ್ಬರು ಮೊದಲ ಸಲ ಭೇಟಿಯಾಗುವ ಪುಟ ಮಾತ್ರ ರೇಷನ್ ಅಂಗಡಿಯ ಸಾಲಿನಷ್ಟೇ ರೋಮಾಂಚಕ. ಅದನ್ನು ನಾನು ಹೇಗೋ ಧೈರ್ಯ ಮಾಡಿ ಹೇಳಿದಾಗ ಅವಳು ನಕ್ಕು, "ಹಂಗಾರ ಹಂಚಿಕೊಳ್ಳೂಣು. ಜಗಳಾ ನನಗ ಬಿಡ್ರಿ, ಮನಿಯಾಗ ದಿನಾ ಪ್ರ್ಯಾಕ್ಟೀಸ್ ಐತಿ. ಪ್ರೀತಿ ಹುಟ್ಟೋದು ನೀವು ನೋಡ್ಕೋರಿ, ನನಗದು ಮರತ ಹೋಗೇತಿ" ಎಂದಳು.

ಅಂದಿನಿಂದ ನನ್ನ ಕಥೆಗಳ ಜಗಳಗಳನ್ನೆಲ್ಲ ಅವಳು ಬರೆದುಕೊಡುತ್ತಾಳೆ, ಅವಳ ಕಥೆಗಳ ಮೊದಲ ಭೇಟಿಗಳನ್ನೆಲ್ಲ ನಾನು. 'ರಿ' ಕಳಚಿ ನಾವಿಬ್ಬರೂ 'ನೀ' ಆಗಿ ಎಷ್ಟೋ ವರ್ಷವಾಯಿತು. ದಿನಾ ಸಂಜೆ ರೊಟ್ಟಿ ಬಡಿದು ಮುಗಿಸಿ ಫೋನು ಮಾಡುತ್ತಾಳೆ. "ಗಿರಿಜಾ, ಜಗಳಾ ರೆಡಿ ಐತಿ, ಕಳಸ್ಲೇನು?" ಒಮ್ಮೆ ನಾನು ಕಥೆಯ ನಾಯಕನೊಬ್ಬನ ಬಗ್ಗೆ ಫೋನಿನಲ್ಲಿ, "ಆ ಡಾಕ್ಟರ್ ಬ್ಯಾಡ, ಸಾಕಾಗ್ಯಾನ. ಇನ್ನೊಬ್ಬನ್ನ ನೋಡೂಣು" ಎನ್ನುತ್ತಿದ್ದುದನ್ನು ಗೋಡೆಯಾಚೆ ಇರುವ ಮಾಲೀಕರ ಹೆಂಡತಿ ಗಂಗಮ್ಮ ಕೇಳಿಸಿಕೊಂಡು ಒಂದು ವಾರ ನನ್ನನ್ನು ವಿಚಿತ್ರ ಗೌರವದಿಂದ ನೋಡಿದರು. ನಾನು ತಿದ್ದಲು ಹೋಗಲಿಲ್ಲ. ಆ ಗೌರವ ನನಗೆ ಬೇರೆ ಯಾವ ರೀತಿಯಲ್ಲೂ ಸಿಗುವಂತಿರಲಿಲ್ಲ.

ಇಂಥ ಶಮೀಮಳ ಹೆಸರು ಬರೆಯಲಾಗದ್ದಕ್ಕೆ ಕಾರಣ ಒಂದು ಹೋರಿ.

ನನ್ನ ಹೊಸ ಕಾದಂಬರಿಯ ನಾಯಕ ಹೋರಿ ಹಿಡಿಯುವವನು. ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಊರೂರಲ್ಲಿ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿಯ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಲು ಬಿಡುತ್ತಾರೆ. ಹಾಗೆ ಓಡುವಾಗ ಅದರ ಕೊರಳಿಗೆ ಬಿದ್ದು ಕೊಬ್ಬರಿ ಹರಿದವನೇ ಗಂಡಸು. ಹೋರಿಗಳಿಗೆ ಹೆಸರಿದೆ, ಅಭಿಮಾನಿ ಸಂಘವಿದೆ, ಆಳೆತ್ತರದ ಬ್ಯಾನರಿದೆ. ಲೇಖಕರಿಗೆ ಹೆಸರೊಂದು ಇದ್ದರೆ ಪುಣ್ಯ. ನಾಯಕನ ತೋಳುಗಳನ್ನು ಹತ್ತಿರದಿಂದ ನೋಡದೆ ವರ್ಣಿಸಬಾರದೆಂದು ಶಮೀಮಳನ್ನು ಒತ್ತಾಯ ಮಾಡಿ ಶಿಗ್ಗಾಂವಿ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಹೆಂಗಸರೆಲ್ಲ ಮಾಳಿಗೆಯ ಮೇಲೆ ನಿಂತಿದ್ದರು. "ನಾವೂ ಮ್ಯಾಲ ಹೋಗೂಣು ಬಾ" ಎಂದಳು ಶಮೀಮ್. ಮೇಲಿನಿಂದ ನೋಡಿದರೆ ನಾಯಕನ ತೋಳು ಕಾಣುವುದಿಲ್ಲ, ನೆತ್ತಿ ಕಾಣುತ್ತದೆ ಎಂದು ನಾನೇ ಅವಳನ್ನು ಕೆಳಗೆ, ಒಂದು ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಲ್ಲಿಸಿಕೊಂಡೆ.

ಮೈಕಿನಲ್ಲಿ "ದುಂಡಸಿ ಅಳಿಯ" ಎಂದು ಹೋರಿಯ ಹೆಸರು ಕೂಗಿದರು. ಪಟಾಕಿ ಹೊಡೆದರು. ಹಾಲಿನಂಥ ಬಿಳಿ ಹೋರಿ. ಕೊಂಬಿಗೆ ಬಣ್ಣದ ಬಲೂನು, ಕೊರಳಲ್ಲಿ ಹೊಯ್ದಾಡುವ ಕೊಬ್ಬರಿ. ನೇರ ಓಡಬೇಕಾದದ್ದು ಅದೇಕೋ ಹಾದಿ ಬಿಟ್ಟು ನಮ್ಮತ್ತ ತಿರುಗಿತು. ಅದರ ಕಣ್ಣಂಚಿನ ಕೆಂಪು ನರ, ಮೂಗಿನ ತುದಿಯ ನೊರೆ ಎಲ್ಲವೂ ಇಂದಿಗೂ ನನ್ನ ಕಣ್ಣಮುಂದಿವೆ. ಅದು ನನ್ನನ್ನೇ ನೋಡಿತು. ಬಲಗೊಂಬು ನನ್ನ ಸೆರಗಿನಿಂದ ಗೇಣು ದೂರದಲ್ಲಿ ಹಾದುಹೋಯಿತು. ಜೀವ ಮರಳಿ ಬಂದ ಮೇಲೆ ಪಕ್ಕಕ್ಕೆ ನೋಡಿದರೆ ಶಮೀಮ್ ಇಲ್ಲ. ಟ್ರ್ಯಾಕ್ಟರಿನ ಆಚೆ, ಸುರಕ್ಷಿತವಾದ ಜಾಗದಲ್ಲಿ, ಯಾರದೋ ಕೈಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದಳು. ರುಮಾಲು ಸುತ್ತಿದ, ಬಿಳಿ ಮೀಸೆಯ, ರಟ್ಟೀಹಳ್ಳಿ ಕಡೆಯ ಯಜಮಾನರೊಬ್ಬರ ಕೈ. ಅವರು ಬಹಳ ಸಂಕೋಚದಿಂದ, "ಬಾಯಾರ, ಹೋರಿ ಹೋತ್ರಿ. ಇನ್ನ ಕೈ ಬಿಡ್ರಿ, ಮಾಳಿಗಿ ಮ್ಯಾಲಿಂದ ನಮ್ಮ ಮನಿಯಾಕಿ ನೋಡಾಕತ್ತಾಳ" ಎಂದರು. ಸುತ್ತ ನಿಂತವರು ನಕ್ಕರು. ಶಮೀಮ್ ನಕ್ಕಳು. ನಾನೂ ನಕ್ಕೆ. ಹಲ್ಲಿಗೆ ಹಲ್ಲು ಬಡಿಯುವಾಗ ಬಾಯಿ ತೆರೆದರೆ ದೂರದವರಿಗೆ ಅದು ನಗುವಿನಂತೆಯೇ ಕಾಣುತ್ತದೆ.

ಅಂದಿನಿಂದ ಕುಕ್ಕರು ಸೀಟಿ ಹೊಡೆದರೆ ಹೋರಿ ಬರುತ್ತದೆ. ಓಣಿಯಲ್ಲಿ ಯಾರಾದರೂ ಪಟಾಕಿ ಹೊಡೆದರೆ ನಾನು ಬಾಗಿಲ ಹಿಂದೆ ಇರುತ್ತೇನೆ. ಕಂಡವರಿಗೆಲ್ಲ ಆ ಕಥೆ ಹೇಳಿದೆ. ಸ್ಟಾಫ್ ರೂಮಿನಲ್ಲಿ ಮೊದಮೊದಲು ಚಹಾ ತಣ್ಣಗಾಗುವವರೆಗೆ ಬಾಯಿ ತೆರೆದು ಕೇಳಿದರು. ಬರಬರುತ್ತ ನಾನು "ಕೆಂಪು ನರ" ಎಂಬಲ್ಲಿಗೆ ಬರುವಷ್ಟರಲ್ಲಿ ಭೌತಶಾಸ್ತ್ರದವರು ಚಾಕ್‌ಪೀಸ್ ಹುಡುಕುತ್ತಿದ್ದರು, ಲೈಬ್ರರಿಯವರಿಗೆ ಫೋನು ಬರುತ್ತಿತ್ತು. ಗಂಗಮ್ಮನವರು ಮಾತ್ರ ಸಹಿಸಿಕೊಂಡರು. ಅವರು ಅವರೆಕಾಯಿ ಬಿಡಿಸುತ್ತ ಕೇಳುತ್ತಿದ್ದರು, ಕೈಗೆ ಕೆಲಸವಿದ್ದರೆ ಕಿವಿಗೆ ಏನು ಬಿದ್ದರೂ ಅವರಿಗೆ ನಡೆಯುತ್ತದೆ.

ಎಲ್ಲರಿಗೂ ಹೇಳಿದವಳು ಶಮೀಮಳಿಗೆ ಮಾತ್ರ ಏನೂ ಹೇಳಲಿಲ್ಲ. ನನ್ನ ಕಾದಂಬರಿಗಳಲ್ಲಿ ಎಂಥ ಕತ್ತಲಲ್ಲೂ, ಎಂಥ ಗದ್ದಲದಲ್ಲೂ ಪ್ರೀತಿಸುವವರು ಕೈ ಮುಟ್ಟಿದೊಡನೆ ಗುರುತು ಹಿಡಿಯುತ್ತಾರೆ. ಇಷ್ಟು ವರ್ಷ ನನ್ನ ಜಗಳ ಬರೆದ ಕೈಗೆ ನನ್ನ ಕೈಯ ಗುರುತು ಸಿಗಲಿಲ್ಲವೇ? ಅಥವಾ ಹುಡುಕಲೇ ಇಲ್ಲವೇ? ಅವಳ ಫೋನು ಬರುವ ಹೊತ್ತಿಗೆ ನಾನು ಬೇಕಂತಲೇ ಮಿಕ್ಸರ್ ಹಚ್ಚಿ, ಸಪ್ಪಳದಲ್ಲಿ ಏನೂ ಕೇಳಿಸುತ್ತಿಲ್ಲ ಎನ್ನುತ್ತಿದ್ದೆ. ಒಬ್ಬಳಿಗೆ ಎಷ್ಟು ಚಟ್ನಿ ಬೇಕು? ಮನೆಯಲ್ಲಿ ಚಟ್ನಿ ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಆಮೇಲೆ ಅವಳು ಫೋನು ಮಾಡುವುದನ್ನು ಬಿಟ್ಟಳು. ಮಿಕ್ಸರ್ ಹಚ್ಚುವ ಅಗತ್ಯವೂ ಉಳಿಯಲಿಲ್ಲ. ಸಂಜೆ ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬರೆಯಲು ಕುಳಿತರೆ ನಾಯಕ ನಾಯಕಿ ಕೆರೆಯ ದಂಡೆಯಲ್ಲಿ ಎದುರಾಗುತ್ತಾರೆ, ಇನ್ನೇನು ಮಾತು ಶುರುವಾಗಬೇಕು, ಅಷ್ಟರಲ್ಲಿ ಇಬ್ಬರ ನಡುವೆ ಹೋರಿ ಬರುತ್ತದೆ. ಇಬ್ಬರನ್ನೂ ಮನೆಗೆ ಕಳಿಸಿ ನಾನು ಗೇಟಿನ ಚಿಲಕ ನೋಡಿಕೊಂಡು ಬರುತ್ತೇನೆ.

ಒಂದು ಜಗಳವಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ನನಗೂ ತಿಳಿದಿತ್ತು. ತೊಂದರೆ ಏನೆಂದರೆ, ನನ್ನ ಜಗಳಗಳನ್ನು ಬರೆದುಕೊಡುವವಳೇ ಅವಳು. ಕೊನೆಗೆ ವಾಡಿಕೆಯಂತೆ ಅವಳಿಗೇ ಒಂದು ಸನ್ನಿವೇಶ ಕಳಿಸಿದೆ: ಹೋರಿ ಬರುತ್ತದೆ, ನಾಯಕ ನಾಯಕಿಯನ್ನು ಬಿಟ್ಟು ಬೇರೆಯವರ ಕೈ ಹಿಡಿದು ಓಡುತ್ತಾನೆ, ಮುಂದೆ ಇಬ್ಬರಿಗೂ ಜಗಳ, ದಯವಿಟ್ಟು ಬೇಗ ಬರೆದುಕೊಡು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಆ ಬ್ಯಾರೆಯವರಿಗೆ ಬಿಳಿ ಮೀಸಿ ಅದಾವೇನು? ಈ ಜಗಳಾ ಬರದ ಕೊಡೂದಲ್ಲ. ಐತವಾರ ಮನಿಗಿ ಬಾ."

ಭಾನುವಾರ ಸವಣೂರಿಗೆ ಹೋಗುವ ಬಸ್ಸಿನಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡೆ. ಶಮೀಮ್ ಚಹಾ ಕೊಟ್ಟು ಎದುರಿಗೆ ಕುಳಿತು, "ಹೂಂ, ಶುರು ಮಾಡು" ಎಂದಳು. "ಅಂದು ನೀನು ನನ್ನನ್ನು ಅಪಾಯದಲ್ಲಿ ತೊರೆದು ಹೋದದ್ದು ನನಗೆ ಬಹಳ ನೋವುಂಟುಮಾಡಿದೆ" ಎಂದೆ.

"ಅಯ್ಯ, ಮತ್ತ ವಾರ್ತಾ ಓದಾಕತ್ತಿ! ಜಗಳಾ ಹಂಗ ಆಡ್ತಾರೇನ? ಕಪ್ಪ ಕೆಳಗ ಇಡು. ಎದ್ದ ನಿಂದ್ರು. ದನಿ ತಗಿ."

ಎದ್ದು ನಿಂತೆ. "ಯಾಕ ಬಿಟ್ಟ ಹೋದಿ?"

"ಬಸ್ ಬಿಟ್ಟ ಹೋದಂಗ ಕೇಳಬ್ಯಾಡ. ಜೋರಾಗಿ ಕೇಳು!"

"ಯಾಕ ಬಿಟ್ಟ ಹೋದಿ?"

ಒಳಗಿನ ಕೋಣೆಯಿಂದ ಅವಳ ಗಂಡ, "ಏನಾತು?" ಎಂದು ಕೂಗಿದರು. "ಏನಿಲ್ರಿ, ಪ್ರ್ಯಾಕ್ಟೀಸು!" ಎಂದಳು ಇವಳು. ಅಷ್ಟರಲ್ಲಿ ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತು, "ಹೋರಿ ಮುಂದ ಒಬ್ಬಾಕಿನ್ನ ನಿಂದರಿಸಿ ಹೋದೆಲ್ಲ, ನಿನ್ನ ಬಿಟ್ರ ನನಗ ಯಾರದಾರ?" ಎಂದು ಕೂಗಿದೆ. ಆ ವಾಕ್ಯ ನಾನು ತಯಾರು ಮಾಡಿಕೊಂಡು ಬಂದದ್ದಲ್ಲ.

ಶಮೀಮ್ ನನ್ನ ಎರಡೂ ಕೈ ಹಿಡಿದು ಕೂರಿಸಿದಳು. "ನಿನ್ನ ಕೈ ಎಲ್ಲಿ ಇತ್ತವಾ, ಹಿಡಿಯಾಕ? ಪಟಾಕಿ ಹೊಡದ ಕೂಡಲೇ ಎರಡೂ ಕೈಲೆ ಕಣ್ಣ ಮುಚ್ಚಿಕೊಂಡ ಕಂಬ ಆಗಿ ನಿಂತಿ. ಮೊಣಕೈ ಹಿಡದ ಜಗ್ಗಿದೆ, ಅಳ್ಳಾಡಲಿಲ್ಲ. ಮತ್ತ ಜಗ್ಗಾಕ ಹೋದೆ, ಒಂದ ಕೈ ಸಿಕ್ತು. ಅಂತೂ ಕಣ್ಣ ಮ್ಯಾಲಿನ ಕೈ ತಗದಳಲ್ಲಾ ಅಂತ ಎಳಕೊಂಡ ಓಡಿದೆ. ತಿರುಗಿ ನೋಡಿದ್ರ ಮೀಸಿ! ನನ್ನ ಜೀವಾನ ಹೋಗಿತ್ತು. ಎಂಟ ದಿನಾ ನನಗ ಕೂಳ ಇಳೀಲಿಲ್ಲ. ಫೋನ್ ಹಚ್ಚಿದ್ರ ನೀ ಮಿಕ್ಸರ್ ಕೇಳಸ್ತಿ."

"ಸುಳ್ಳ ಹೇಳಬ್ಯಾಡ" ಎಂದೆ. ಜಗಳ ಈಗ ಸ್ವಲ್ಪ ಕೈಹಿಡಿದಿತ್ತು. "ನಾ ಕಣ್ಣ ತಗದ ನಿಂತಿದ್ದೆ. ಆ ಹೋರಿ ಕಣ್ಣಾಗಿನ ಕೆಂಪ ನರ ಸೈತ ನೋಡೇನಿ."

"ಹೌದಾ? ಯಾ ಬಣ್ಣದ ಹೋರಿ?"

"ಬಿಳೀದು. ಹಾಲಿನಂಥಾ ಬಿಳೀದು."

ಶಮೀಮ್ ನನ್ನ ಮುಖವನ್ನೇ ನೋಡಿದಳು. "ಕರೀದದು, ಗಿರಿಜಾ. ಕಾಡಿಗಿಗಿಂತಾ ಕರೀದು."

"ಹೌದ್ರಿ ಬಾಯಾರ," ಎಂದಿತು ಒಳಗಿನ ಕೋಣೆ, "ನಾ ವಿಡಿಯೋದಾಗ ನೋಡೇನಿ. ಅಳಿಯ ಕರೀನ."

ಶಮೀಮ್ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನೂ ನಕ್ಕೆ, ಈ ಸಲ ಹಲ್ಲು ಬಡಿಯಲಿಲ್ಲ. ಹೊರಡುವಾಗ ಅವಳು ಬಸ್ ಸ್ಟ್ಯಾಂಡಿನವರೆಗೆ ಬಂದು, ದಾರಿಯಲ್ಲಿ ತಿನ್ನಲೆಂದು ಕಿಟಕಿಯಲ್ಲಿ ಖಾರಾದ ಪೊಟ್ಟಣ ತುರುಕಿ, "ಜಗಳಾ ಕಲತಿ. ಇನ್ನ ನಾ ನಿನಗ ಬೇಕಾಗೂದಿಲ್ಲ ಬಿಡು" ಎಂದಳು. ಬೇಕಾಗುತ್ತೀ ಎಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಬಂಕಾಪುರ ಬರುವ ಮೊದಲೇ ಪತ್ರಿಕೆಯ ಹುಡುಗಿಗೆ ಎರಡನೆಯ ಪ್ರಶ್ನೆಯ ಉತ್ತರ ಕಳಿಸಿದೆ. ಆಮೇಲೆ ಕಣ್ಣು ಮುಚ್ಚಿ ಹೋರಿಯನ್ನು ನೆನೆದೆ. ಬರಲಿಲ್ಲ. ಬಿಳಿಯದನ್ನು ಕರೆದರೆ ಅದು ನನ್ನದೇ ಸೃಷ್ಟಿ, ಕರಿಯದನ್ನು ನಾನು ನೋಡಿಯೇ ಇಲ್ಲ. ಭಯ ಹೋಯಿತೆಂದು ಸಂತೋಷಪಡಬೇಕಿತ್ತು. ಆದರೆ ಇಷ್ಟು ದಿನ ಆ ಮನೆಯಲ್ಲಿ ನನ್ನ ಜೊತೆಗೆ ಒಂದು ಹೋರಿಯಾದರೂ ಇತ್ತು. ಅದರ ಕಥೆ ಕೇಳಲು ಯಾರಾದರೂ ನಾಲ್ಕು ನಿಮಿಷ ನನ್ನೆದುರು ಕೂರುತ್ತಿದ್ದರು.

ಮನೆ ಮುಟ್ಟಿ ಗೇಟು ದಾಟುತ್ತಿದ್ದಾಗ ಗಂಗಮ್ಮನವರು ಕಟ್ಟೆಯ ಮೇಲಿಂದ ಕರೆದರು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ನಡುವೆ ಒಂದು ಮೊರದ ತುಂಬ ಅವರೆಕಾಯಿ. "ಬರ್ರಿ ಬಾಯಾರ, ಕುಂಡ್ರಿ. ನಮ್ಮ ತಂಗಿ ಬಂದಾಳ. ಹೋರಿ ಸುದ್ದಿ ಆಕಿ ಕೇಳಿಲ್ಲ, ಒಂದೀಟ ಹೇಳ್ರಿ."

ನಾನು ನನ್ನ ಮನೆಯ ಕಡೆ ನೋಡಿದೆ. ಬೀಗ ಹಾಕಿತ್ತು, ಒಳಗೆ ದೀಪವಿರಲಿಲ್ಲ. ಕಟ್ಟೆಯ ಮೇಲೆ ಜಾಗವಿತ್ತು. ಕುಳಿತು, ಒಂದು ಹಿಡಿ ಕಾಯಿ ತೆಗೆದುಕೊಂಡು, "ಕರೀ ಹೋರಿ ನೋಡ್ರಿ. ಕಾಡಿಗಿಗಿಂತಾ ಕರೀದು. ಅದರ ಕಣ್ಣಾಗ ಒಂದ ಕೆಂಪ ನರ ಇತ್ತು..." ಎಂದು ಶುರು ಮಾಡಿದೆ.

ಗಂಗಮ್ಮನವರ ಕೈ ನಿಂತಿತು. "ಮೊನ್ನಿ ಬಿಳೀದು ಅಂದಿದ್ರೆಲ್ರಿ?"

"ಮೊನ್ನಿ ನಾ ಸರಿಯಾಗಿ ನೋಡಿದ್ದಿಲ್ರಿ" ಎಂದೆ.