ಇರುವೆಯ ಸಾಲಿಗೆ ನನ್ನ ಸೀಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ನನ್ನ ಹೆಂಡತಿ ಶಾಂತಾ ಹೇಳಿದರೆ ಜೊತೆಗೆ ಉದಾಹರಣೆಗಳನ್ನೂ ಕೊಡುತ್ತಾಳೆ. ಹಿರೇಕೆರೂರು ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದವನು ನಾನು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ತರಗತಿ, ಒಂದೇ ಒಂದು ದಿನ, ನೆಟ್ಟಗೆ ಸಾಲಿನಲ್ಲಿ ನಿಂತದ್ದನ್ನು ನೋಡಲಿಲ್ಲ. ಆದರೂ ಅಲ್ಲಿ ಸಿಟ್ಟಿಗೆ ಬೆಲೆಯಿತ್ತು. ನಾನು ಕೂಗಿದರೆ ಹುಡುಗರು ಅಳದಿದ್ದರೂ ನಗುವನ್ನಾದರೂ ನುಂಗುತ್ತಿದ್ದರು. ಎದುರಿಗಿರುವವರಿಗೆ ನಮ್ಮ ಸಿಟ್ಟು ತಿಳಿಯುವುದೇ ಇಲ್ಲ ಎಂದಾದರೆ ಮೈಯೆಲ್ಲ ಉರಿಯುವುದು ನಮಗೊಬ್ಬರಿಗೇ. ನಾನು ಹೇಳುತ್ತಿರುವುದು ಇರುವೆಗಳ ವಿಷಯ.

ನಿವೃತ್ತನಾಗಿ ಸವಣೂರಿಗೆ ಬಂದು ಮನೆ ಮಾಡಿದಾಗ ಹಿಂದುಗಡೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಹಿತ್ತಲು ಉಳಿಯಿತು. ಶಾಂತಾಳಿಗೆ ಅಲ್ಲಿ ಫರಸಿ ಕಲ್ಲು ಹಾಸಿಸಿ ಮೆಣಸಿನಕಾಯಿ, ಸಂಡಿಗೆ ಒಣಗಿಸುವ ಆಸೆ. ನನಗೆ ತರಕಾರಿ ಬೆಳೆಯುವ ಆಸೆ. ಜಗಳವಾಗಿ ಕೊನೆಗೆ ಒಂದು ಒಪ್ಪಂದವಾಯಿತು. "ಎಳ್ಳ ಅಮಾಸಿ ದಿನದ ಪಲ್ಯಾ ನಿಮ್ಮ ಹಿತ್ತಲದಾಗಿಂದ ಆಗಬೇಕ್ರಿ. ಆತು, ಹಿತ್ತಲಾ ನಿಮ್ದು. ಆಗಲಿಲ್ಲ, ಮರುದಿನ ಫರಸಿ," ಎಂದಳು. ನಾನು ಎದೆ ಉಬ್ಬಿಸಿ ಒಪ್ಪಿದೆ. ಅಲಸಂದೆ ಹಾಕಿದೆ, ಬದನೆಯ ಸಸಿ ನೆಟ್ಟೆ. ಚಿಗುರು ನೋಡಿ ನನಗೆಷ್ಟು ಸೊಕ್ಕು ಬಂತೆಂದರೆ, ಪ್ರತಿವರ್ಷ ಸೀಗಿ ಹುಣ್ಣಿಮೆಗೆ ಚಿಕ್ಕೇರೂರಿನ ಅಕ್ಕನ ಹೊಲಕ್ಕೆ ಹೋಗಿ ಬೆಳೆಗೆ ಎಡೆಯಾಗಿ ಚರಗ ಚೆಲ್ಲುತ್ತಿದ್ದವನು ಈ ಸಲ ಹೋಗಲೇ ಇಲ್ಲ. ನನ್ನದೇ ಭೂಮಿ ಇರುವಾಗ ಇನ್ನೊಬ್ಬರ ಹೊಲವೇಕೆ? ಹೋಳಿಗೆ, ಕಡಬು, ಅನ್ನ, ಪಲ್ಯ ಎಲ್ಲವನ್ನೂ ಕಲಸಿ, ಬುಟ್ಟಿ ಹಿಡಿದು, "ಹುಲ್ಲುಲ್ಲಿಗೋ" ಎಂಬ ಚರಗದ ಕೂಗನ್ನು ಓಣಿಗೆಲ್ಲ ಕೇಳುವಂತೆ ಹಾಕುತ್ತ ಹಿತ್ತಲಲ್ಲೇ ಭೂಮಿತಾಯಿಗೆ ಉಣಬಡಿಸಿದೆ. ಬುಟ್ಟಿ ಖಾಲಿಯಾಗುವವರೆಗೆ ಕೈ ನಿಲ್ಲಲಿಲ್ಲ.

ಮುಂದಿನ ವಾರವೇ ಯುದ್ಧ ಶುರುವಾಯಿತು. ಬೆಳಿಗ್ಗೆ ರಾಜಗಿರಿ ಬೀಜ ಚೆಲ್ಲಿ ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಆ ಬೀಜಗಳು ಮೆರವಣಿಗೆ ಹೊರಟಿದ್ದವು. ಒಂದೊಂದು ಇರುವೆ ಒಂದೊಂದು ಬೀಜ ಹೊತ್ತು, ಒಂದರ ಹಿಂದೆ ಒಂದು, ತಳ್ಳಾಟವಿಲ್ಲ, ಮಾತಿಲ್ಲ. ನನಗೆ ಬೀಜ ಹೋದದ್ದಕ್ಕಿಂತ ಆ ಸಾಲು ನೋಡಿಯೇ ಹೊಟ್ಟೆ ಉರಿಯಿತು. ಅಕ್ಕನಿಗೆ ಫೋನು ಮಾಡಿದೆ. "ತಮ್ಮಾ, ಬೀಜದ ಜೋಡಿ ಒಂದ ಮುಷ್ಟಿ ರವಾ ಕಲಸಿ ಚೆಲ್ಲು. ಅವು ರವಾ ಹೊತಗೊಂಡು ಹೊಕ್ಕಾವ, ಬೀಜ ಉಳೀತಾವ," ಎಂದಳು. ಹಾಗೇ ಮಾಡಿದೆ. ಅವು ರವೆಯನ್ನು ಹೊತ್ತು ಮುಗಿಸಿ, ಊಟದ ಮೇಲೆ ಎಲೆಯಡಿಕೆ ಎಂಬಂತೆ ಬೀಜವನ್ನೂ ಹೊತ್ತುಕೊಂಡು ಹೋದವು. ನಿಯತ್ತಿಲ್ಲದ ಜಾತಿ!

ಅಷ್ಟಕ್ಕೇ ಬಿಟ್ಟವೇ? ಅಲಸಂದೆಯ ಕುಡಿಗೆ ಕರಿ ಹೇನು ಮೆತ್ತಿಕೊಂಡಿತು. ಆ ಹೇನು ಒಸರುವ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಎಮ್ಮೆ ಸಾಕಿದಂತೆ ಸಾಕುತ್ತವಂತೆ. ಹಿತ್ತಲು ನನ್ನದು, ಹೈನು ಅವುಗಳದು! ಹೇನು ಒರೆಸಲು ಹೋದರೆ ಕಾವಲಿನ ಕೆಂಪಿರುವೆಗಳು ಬೆರಳ ಸಂದಿ ಹುಡುಕಿ ಕಚ್ಚಿದವು. ಅರಿಸಿನ ಹಾಕಿದೆ, ಬೂದಿ ಹಾಕಿದೆ. ಒಂದು ದಿನ ತಾಳ್ಮೆ ತಪ್ಪಿ ಗೂಡಿಗೆ ಕುದಿಯುವ ನೀರು ಸುರಿದೆ. ಗೂಡು ಬದನೆ ಗಿಡಗಳ ಬುಡದಲ್ಲಿತ್ತು ಎಂಬುದು ಸಂಜೆ ಗಿಡಗಳೆಲ್ಲ ತಲೆ ಬಾಗಿಸಿದಾಗ ತಿಳಿಯಿತು. ಇರುವೆಗಳು ಗೋಡೆಯ ಬುಡಕ್ಕೆ ಮನೆ ಬದಲಿಸಿದವು. "ಬದನಿಕಾಯಿ ಬೇಯಿಸೂದು ಕೇಳೇನ್ರಿ, ಬದನಿ ಗಿಡಾನ ಬೇಯಿಸಿದವರನ್ನ ಇವತ್ತ ನೋಡಿದೆ," ಎಂದಳು ಶಾಂತಾ. ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಪೆಟ್ಟಿಗೆಯಿಂದ ಹಳೆಯ ಸೀಟಿ ತೆಗೆದು, ಆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಉಸಿರು ಮುಗಿಯುವವರೆಗೆ ಊದಿದೆ. ಒಂದು ಇರುವೆಯೂ ತಿರುಗಿ ನೋಡಲಿಲ್ಲ. ಓಣಿಯ ನಾಯಿ ಮಾತ್ರ ಬೊಗಳಿತು.

ಆಗ ನನಗೆ ಪಕ್ಕದ ಮನೆಯ ನೀಲವ್ವನ ನೆನಪಾಯಿತು. ಆಕೆ ಶನಿವಾರಕ್ಕೊಮ್ಮೆ ಗೋಡೆಯ ಬುಡದಲ್ಲಿ ಇರುವೆಗೆ ಸಕ್ಕರೆ ಹಾಕುವುದನ್ನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಈ ದಂಡನ್ನು ಸಾಕಿದವಳು ಈಕೆಯೇ! ಚಪ್ಪಲಿ ಮೆಟ್ಟದೆ ಹೋಗಿ ಕೇಳಿದೆ.

"ಏನ್ರಿ ನೀಲವ್ವಾರ, ಪುಣ್ಯಾ ನಿಮಗ, ಹಾನಿ ನನ್ನ ಅಲಸಂದಿಗೇನು? ಸಕ್ಕರಿ ಹಾಕಿ ಹಾಕಿ ಈ ದಂಡ ಬೆಳಸೀರಿ ನೀವು!"

ನೀಲವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ನಿಧಾನವಾಗಿ ಹೇಳಿದಳು. "ಕೂಡ್ರಿ ಮಾಸ್ತರ. ದಸರಾಕ್ಕೂ ಮೊದಲ ನನಗ ಸಕ್ಕರಿ ಕಾಯಿಲಿ ಅಂತ ಡಾಕ್ಟರ್ ಹೇಳ್ಯಾರ. ಆವತ್ತಿನಿಂದ ಮಗ ಸಕ್ಕರಿ ಅನ್ನೂದನ್ನ ಮನಿಯೊಳಗ ತಂದಿಲ್ಲ. ನನಗ ಇಲ್ಲದ್ದು ಇರವಿಗೆ ಎಲ್ಲಿಂದ ಹಾಕ್ಲಿ? ಅವು ನನ್ನ ಗ್ವಾಡಿ ಬಿಟ್ಟು ನಿಮ್ಮಲ್ಲಿಗೆ ಬಂದಾವ. ಬರದ ಏನ್ಮಾಡ್ತಾವ? ಎರಡ ಎಕರೆಕ್ಕ ಚೆಲ್ಲೂ ಹೋಳಿಗಿ ಕಡಬು ಹತ್ತಡಿಯೊಳಗ ಚೆಲ್ಲಿದ್ರಿ. ಮ್ಯಾಲ ಓಣಿಗೆಲ್ಲಾ ಕೇಳೂಹಂಗ ಕೂಗಿ ಕರದ್ರಿ."

ನಾನು ಬರಿಗಾಲಲ್ಲೇ ಮನೆಗೆ ಮರಳಿದೆ. ಸಿಟ್ಟು ಇಳಿಯಲಿಲ್ಲ. ಅದು ಈಗ ಯಾರ ಮೇಲೆ ಹೋಗಬೇಕೆಂದು ತಿಳಿಯದೆ ನನ್ನೊಳಗೇ ಸುತ್ತಾಡಿತು. ಚರಗದ ದಿನ ಶಾಂತಾ "ಸಾಕರಿ, ಇನ್ನ ಸಾಕು" ಎಂದದ್ದೂ, "ಭೂಮಿಗೆ ಉಣಿಸೂದ್ರಾಗ ಜುಗ್ಗತನಾ ಮಾಡಬಾರ್ದು" ಎಂದು ನಾನು ಗದರಿದ್ದೂ ನೆನಪಾದವು. ಮರುದಿನದಿಂದ ಹಿತ್ತಲಿನ ಮೂಲೆಯಲ್ಲಿ ಒಂದು ತೆಂಗಿನ ಚಿಪ್ಪಿನಲ್ಲಿ ಬೆಲ್ಲವಿಟ್ಟೆ, ಮನಸ್ಸಿನಲ್ಲಿ ಬೈಯುತ್ತಲೇ ಇಟ್ಟೆ. ಇರುವೆಗಳು ಅತ್ತ ತಿರುಗಿದ ಹೊತ್ತಿನಲ್ಲಿ ಸೋಪಿನ ನೀರಿನಿಂದ ಹೇನು ತೊಳೆದೆ. ಎಳ್ಳು ಅಮಾವಾಸ್ಯೆಯ ಮುಂಜಾನೆ ಬಳ್ಳಿಯಲ್ಲಿ ಏಳು ಕಾಯಿ ಸಿಕ್ಕವು. ಶಾಂತಾ ಅವನ್ನು ಹೆಚ್ಚಿ, ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ಸರಿಯಾಗಿ ಎರಡು ಚಮಚವಾಯಿತು.

ನಾನು ತಟ್ಟೆ ಹಾಕಿಕೊಂಡು ಕೂತೆ. ಶಾಂತಾ ಆ ಎರಡು ಚಮಚವನ್ನೂ ಚಿಕ್ಕ ಬುಟ್ಟಿಗೆ ಹಾಕಿ ನನ್ನ ಕೈಗೆ ಕೊಟ್ಟಳು. "ಹೊಸ ಬೆಳಿ ಐತಿ. ಮೊದಲ ಭೂಮಿತಾಯಿಗೆ ಚೆಲ್ಲಿ ಬರ್ರಿ. ಫರಸಿ ಮಾತು ಬಿಟ್ಟೇನಿ, ಪಲ್ಯಾ ಅಂತೂ ಆತಲ್ಲ," ಎಂದಳು. ಮೂರು ತಿಂಗಳು ರಕ್ತ ಕುದಿಸಿ ಬೆಳೆದ ಪಲ್ಯ, ನನ್ನ ನಾಲಿಗೆಗೆ ಒಂದು ಕಾಳೂ ತಾಗದೆ, ಯಾರ ಹೊಟ್ಟೆಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಹಾಳಾದವುಗಳಿಗೆ ನನ್ನ ಕೈಯಿಂದಲೇ ಬಡಿಸಬೇಕೇ? ಹಿತ್ತಲಿಗೆ ಬಂದು ಹಲ್ಲು ಕಚ್ಚಿ ನಿಂತೆ. ಆದರೆ ಹಬ್ಬದ ದಿನ ಬುಟ್ಟಿ ಹಿಡಿದ ಮೇಲೆ ನಮ್ಮ ಕಡೆಯ ಬಾಯಿ ಸುಮ್ಮನಿರುವುದಿಲ್ಲ. "ಹುಲ್ಲುಲ್ಲಿಗೋ" ಎಂದು ಕೂಗಿ ಚೆಲ್ಲಿಬಿಟ್ಟೆ. ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಿಂದ ಅವು ಹೊರಟವು, ಒಂದರ ಹಿಂದೆ ಒಂದು, ನೆಟ್ಟಗೆ, ತಳ್ಳಾಟವಿಲ್ಲದೆ. ಮೂವತ್ತು ವರ್ಷದ ನೌಕರಿಯೂ ಮುಗಿದ ಮೇಲೆ ನನ್ನ ಕೂಗಿಗೆ ನಿಂತ ಮೊದಲ ಸಾಲು ಅದು.