ಹುರಿಹಿಟ್ಟು ಕಟ್ಟಿಕೊಂಡು ವಿದೇಶಕ್ಕೆ

ಪಿರಿಯಾಪಟ್ಟಣದಲ್ಲಿ ನನ್ನದೊಂದು ಗೊಬ್ಬರ, ಕೀಟನಾಶಕದ ಅಂಗಡಿ. ಹೊಗೆಸೊಪ್ಪಿನ ಎಲೆ ಮುದುಡಿದರೆ ರೈತರು ನನ್ನ ಹತ್ತಿರ ಓಡಿಬರುತ್ತಾರೆ. ನಾನು ಮೊದಲು ಬೈಯುತ್ತೇನೆ, ಆಮೇಲೆ ಔಷಧಿ ಕೊಡುತ್ತೇನೆ. "ರೋಗ ಬರೋಕ್ ಮುಂಚೆ ಉಷಾರಾಗಿರ್ಬೇಕು ಕಣ್ರಯ್ಯಾ!"

ಊರಿಗೆ ಆಗಷ್ಟೇ ಮೊಬೈಲು ಕಾಲಿಟ್ಟಿದ್ದ ಕಾಲ. ಆ ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯವರು ನಮ್ಮಂಥ ಅಂಗಡಿಯವರಿಗೆಲ್ಲ ಹೆಂಡತಿ ಸಮೇತ ಥಾಯ್ಲೆಂಡಿಗೆ ಟಿಕೆಟ್ ಕೊಟ್ಟರು. ನನ್ನ ಹೆಂಡತಿ ಜಯಮ್ಮ ಹನಗೋಡಿನವಳು. ಲಕ್ಷ್ಮಣತೀರ್ಥ ಹೊಳೆ, ಕಬಿನಿ ಹಿನ್ನೀರು ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ. ಟಿಕೆಟ್ ನೋಡಿ ಅವಳು ಕೇಳಿದ್ದು ಒಂದೇ ಮಾತು.

"ಅಲ್ಲಿ ಸಮುದ್ರ ಅದಂತಾ?"

"ಸಮುದ್ರ ಅಂಗಿರ್ಲಿ, ಊಟದ್ ಕತೆ ಗೊತ್ತಾ? ಅಲ್ಲಿ ಹುಳ ಹುರ್ಕೊಂಡ್ ತಿಂತಾರಂತೆ! ನಾವು ಹುಳ ಸಾಯ್ಸಾಕೆ ಔಷಧಿ ಮಾರೋರು!"

ಕೂಡಲೇ ಮುನ್ನೆಚ್ಚರಿಕೆ ಕ್ರಮಗಳು ಜಾರಿಗೆ ಬಂದವು. ರಾಗಿ ಹುರಿದು ಬೀಸಿಸಿ ಹುರಿಹಿಟ್ಟು ಮಾಡಿಸಿದೆ, ಬೆಲ್ಲ ಪುಡಿ ಮಾಡಿಸಿದೆ. ವಾಪಸು ಬರುವ ತನಕ ಹೊರಗಿನ ಒಂದು ಅಗುಳೂ ಬಾಯಿಗೆ ಹೋಗಕೂಡದೆಂದು ಆಜ್ಞೆ ಹೊರಡಿಸಿದೆ.

ಅಲ್ಲಿ ಬಸ್ಸು ಹತ್ತಿದ ತಕ್ಷಣ ಕಂಪನಿ ಗೊತ್ತುಮಾಡಿದ್ದ ಕನ್ನಡದ ಗೈಡು ಮೈಕಿನಲ್ಲಿ ಹೇಳಿದ. "ಬಿಸಿಬಿಸಿ ಇರೋದನ್ನೇ ತಿನ್ನಿ. ನಲ್ಲಿ ನೀರು, ಐಸು ಬೇಡ. ಬಾಟಲಿ ನೀರೇ ಕುಡೀರಿ."

ನಾನು ಮನಸ್ಸಿನಲ್ಲೇ ನಕ್ಕೆ. ಬಾಟಲಿ ಮಾರುವ ತಂತ್ರ! ವ್ಯಾಪಾರಿಗೆ ವ್ಯಾಪಾರಿಯ ಮಾತು ಗೊತ್ತಾಗುವುದಿಲ್ಲವೇ?

ಹೋಟೆಲು ತಲುಪಿದ ಮೇಲೆ ಜೊತೆಯವರೆಲ್ಲ ಊಟಕ್ಕೆ ಕೆಳಗಿಳಿದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಪರಿಶುದ್ಧವಾದ ಹುರಿಹಿಟ್ಟು ಕಲಸಿದೆ.

"ರೀ, ಬಾಟ್ಲಿ ನೀರಲ್ ಕಲ್ಸನ."

"ಹೊಳೆ ನೀರು ಕುಡಿದು ಬೆಳೆದ ಹೊಟ್ಟೆ ಇದು!"

"ನಂಗ್ ಹಸಿವಿಲ್ಲ, ಜೊತೇಲ್ ಬಂದಿರೋ ಹೆಂಗಸ್ರನ್ನ ಮಾತಾಡುಸ್ಕೊಂಡ್ ಬತ್ತೀನಿ" ಎಂದು ಅವಳು ಕೆಳಗೆ ಹೋದಳು. ಕೆಳಗೆ ಬಿಸಿ ಅನ್ನ, ಮೀನಿನ ಸಾರು ಉಂಡಿದ್ದು ನನಗೆ ತಿಳಿದದ್ದು ಆಮೇಲೆ.

ಮಾರನೆಯ ಬೆಳಿಗ್ಗೆ ಎಲ್ಲರೂ ದೋಣಿಯಲ್ಲಿ ದ್ವೀಪಕ್ಕೆ ಹೋಗಬೇಕಿತ್ತು. ಸಮುದ್ರ ನೋಡಲು ಇದ್ದದ್ದು ಅದೊಂದೇ ದಿನ. ನಾನು ಮಾತ್ರ ಬಚ್ಚಲಿನಿಂದ ಹೊರಗೆ ಬರುವ ಸ್ಥಿತಿಯಲ್ಲಿರಲಿಲ್ಲ!

ಚಿಕಿತ್ಸೆಯನ್ನೂ ನಾನೇ ತೀರ್ಮಾನಿಸಿದೆ. ಕುಡಿದದ್ದೆಲ್ಲ ಹೊರಗೆ ಹೋಗುತ್ತಿದೆ, ಆದ್ದರಿಂದ ಏನನ್ನೂ ಕುಡಿಯಕೂಡದು. ನಾಲಿಗೆ ಒಣಗಿತು, ತಲೆ ಸುತ್ತಿತು. ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಮ್ ಹಸುವಿನ್ ಕರ ಉಚ್ಕೊಂಡಾಗ ಏನ್ ಕುಡ್ಸುದ್ರಿ?"

"ಉಪ್ಪು, ಬೆಲ್ಲದ ನೀರು."

"ಕರುವಿಗೊಂದ್ ನ್ಯಾಯ, ನಿಮ್ಗೊಂದಾ?"

ಕೆಟಲಿನಲ್ಲಿ ನೀರು ಕುದಿಸಿ ಆರಿಸಿದಳು. ಬೆಲ್ಲ, ಚಿಟಿಕೆ ಉಪ್ಪು ಹಾಕಿ, ಕಣ್ಣೀರಿಗಿಂತ ಉಪ್ಪಾಗಿಲ್ಲ ಎಂದು ರುಚಿ ನೋಡಿ, ಗುಟುಕು ಗುಟುಕಾಗಿ ಕುಡಿಸಿದಳು. ಗೈಡು ಓಆರ್‌ಎಸ್ ಪೊಟ್ಟಣಗಳನ್ನು ತಂದುಕೊಟ್ಟು, ಜ್ವರವೋ ರಕ್ತವೋ ಕಂಡರೆ ಡಾಕ್ಟರನ್ನು ಕರೆಸುವುದಾಗಿ ಹೇಳಿದ. ಎರಡೂ ಕಾಣಲಿಲ್ಲ.

ಕೆಳಗೆ ಬಸ್ಸು ಹಾರನ್ ಹೊಡೆಯಿತು. ಜಯಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ನಾನ್ ಹೋಗಲ್ಲ ಬುಡಿ. ನೀರ್ ತಾನೆ, ಎಲ್ ನೋಡುದ್ರೂ ಒಂದೆಯ."

ನನಗೆ ಹೊಟ್ಟೆಗಿಂತ ಎದೆಯಲ್ಲಿ ಹೆಚ್ಚು ಸಂಕಟವಾಯಿತು. ನಾನಿಲ್ಲದೆ ಹುಣಸೂರಿಗೂ ಹೋದವಳಲ್ಲ ಅವಳು. ಆದರೂ ಹೇಳಿದೆ, "ಹೋಗು. ನಂಗೀಗ ವಾಸಿ. ನನ್ ನೋಡ್ಕೊಳ್ಳಾಕೆ ಬಚ್ಚಲೈತೆ!" ಕೆ.ಆರ್. ನಗರದ ಅಂಗಡಿಯವರ ಹೆಂಡತಿ ಬಂದು ಅವಳ ಕೈಹಿಡಿದು ಕರೆದುಕೊಂಡು ಹೋದರು.

ದಿನವಿಡೀ ಪೊಟ್ಟಣದ ನೀರು ಹೀರುತ್ತಾ ಚಿಂತಿಸಿದೆ. ಬಿಸಿಲು ತಾಗಿತೋ, ದೋಣಿ ವಾಲಿತೋ, ಏನು ತಿಂದಳೋ!

ಸಂಜೆ ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ, ಪಾದದ ತುಂಬ ಮರಳು. ಮುಖ ಮಾತ್ರ ನಾನು ಮದುವೆಯಲ್ಲೂ ಕಾಣದಷ್ಟು ಅರಳಿತ್ತು. ಅಭ್ಯಾಸಬಲದಿಂದ ಬೈಯಲು ಬಾಯಿ ತೆರೆದೆ.

"ಬೇಜಾರ್ ಮಾಡ್ಕಬ್ಯಾಡಿ ಕಣ್ರೀ," ಅಂದಳು. "ನೀವ್ ಬಂದಿದ್ರೆ ನಾನು ನೀರ್‌ಗೇ ಇಳೀತಿರ್ಲಿಲ್ಲ. ಬ್ಯಾಡ ಬ್ಯಾಡ ಅಂತ ದಡದಲ್ಲೇ ನಿಲ್ಲುಸ್ತಿದ್ರಿ."

ಇಷ್ಟು ವರ್ಷ ಅವಳಿಗೆ ನಾನು ಎಷ್ಟು ಬೇಡಗಳನ್ನು ಹೇಳಿದ್ದೆನೋ! ಅವೆಲ್ಲ ಪ್ರೀತಿಯೆಂದೇ ತಿಳಿದಿದ್ದೆ. ನಾನು ಅವಳಿಗೆ ಮಾಡಿದ ದೊಡ್ಡ ಉಪಕಾರವೆಂದರೆ ಆ ದಿನ ಕಾಯಿಲೆ ಬಿದ್ದದ್ದು.

ಊರಿಗೆ ಬಂದ ಮೇಲೆ ಅಂಗಡಿಯ ಮುಂದೆ ಜಯಮ್ಮ ಅಲೆಗಳ ವರ್ಣನೆ ಮಾಡಿದ್ದೇ ಮಾಡಿದ್ದು. ರೈತರು ಬಾಯಿಬಿಟ್ಟುಕೊಂಡು ಕೇಳಿದರು. ಕೊನೆಗೆ ಒಬ್ಬ ನನ್ನ ಕಡೆ ತಿರುಗಿದ.

"ನೀವೇನ್ ನೋಡುದ್ರಿ ಅಣ್ಣಾ?"

"ಹೋಟ್ಲು ಬಚ್ಚಲ ಗೋಡೆ ಕಣಯ್ಯಾ," ಅಂದೆ. "ನೀಲಿ ಟೈಲ್ಸು. ಅದ್ರಲ್ಲೂ ಮೀನಿದ್ವು!"