ಆಯುಧಪೂಜೆಗೆ ಕೂತ ಎರಡು ಕಾರ್ಡುಗಳು

…ಅಥವಾ ಆ ಕಾರ್ಡುಗಳನ್ನು ಒರೆಸಿದ್ದು ನಾನಲ್ಲ, ನನ್ನ ಹೆಂಡತಿ ಗಿರಿಜಾಳೇ ಇರಬಹುದು. ನೆನಪಿನಲ್ಲಂತೂ ಬಟ್ಟೆ ನನ್ನ ಕೈಯಲ್ಲಿದೆ, ಬಣ್ಣ ಕರಗಿಸುವ ಥಿನ್ನರ್ ವಾಸನೆ ನನ್ನ ಮೂಗಿಗೇ ಹೊಡೆಯುತ್ತಿದೆ. ಆದರೆ ಅರ್ಧ ಆಯುಷ್ಯ ಪೇಂಟಿಂಗ್ ಕಂಟ್ರಾಕ್ಟ್ ಮಾಡಿದವನ ಯಾವ ನೆನಪಿಗೆ ಥಿನ್ನರ್ ವಾಸನೆ ಇಲ್ಲ? ನಮ್ಮ ಮದುವೆಯ ನೆನಪಿಗೂ ಇದೆ, ಅಲ್ಲಿ ಥಿನ್ನರ್ ಇರಲೇ ಇಲ್ಲ. ಆದ್ದರಿಂದ ವಾಸನೆಯನ್ನು ಸಾಕ್ಷಿ ಎಂದು ಹಿಡಿಯುವಂತಿಲ್ಲ. ಮನುಷ್ಯ ತನ್ನ ಹಳೆಯ ದಿನಗಳಿಗೆ ಮೇಲಿಂದ ಮೇಲೆ ಕೋಟ್ ಹೊಡೆಯುತ್ತಲೇ ಇರುತ್ತಾನೆ. ಕೆಳಗಿನ ಬಣ್ಣ ಯಾವುದಿತ್ತೆಂದು ಕೆರೆದು ನೋಡಲು ಹೋದರೆ ಗಾರೆಯೇ ಕಿತ್ತುಬರುತ್ತದೆ.

ಖಚಿತವಾದದ್ದು ಒಂದೇ, ನನ್ನ ಹತ್ತಿರ ಎರಡು ಕಾರ್ಡುಗಳಿದ್ದವು. ಬೆಂಗಳೂರಿನ ಒಂದು ಕಂಪನಿಗೆ ಭದ್ರಾವತಿಯಲ್ಲಿ ಗೆಸ್ಟ್ ಹೌಸ್ ಇದೆ, ಅದಕ್ಕೆ ಬಣ್ಣ ಬಳಿಯುವ ಕೆಲಸ ನನ್ನದಾಗಿತ್ತು. ಮೊದಲೆಲ್ಲ ಸಾಮಾನಿಗೆ ನಾನೇ ಜೇಬಿನಿಂದ ಹಾಕಿ, ಬಿಲ್ಲು ಕಳಿಸಿ, ಮಳೆಗೆ ಕಾದಂತೆ ಹಣಕ್ಕೆ ಕಾಯಬೇಕಿತ್ತು. ಒಂದು ದಿನ ಕಂಪನಿಯೇ ಒಂದು ಕಾರ್ಡು ಕಳಿಸಿತು. ಕಂಪನಿ ಖರ್ಚು ಕಂಪನಿ ಕಾರ್ಡಿನಲ್ಲಿ, ಸ್ವಂತ ಖರ್ಚು ಸ್ವಂತ ಕಾರ್ಡಿನಲ್ಲಿ, ಬೆರೆಸುವಂತಿಲ್ಲ. ದಿನವಿಡೀ ಬೆರೆಸುವುದೇ ಕಸುಬಾದವನಿಗೆ ಈ ಷರತ್ತು! ಸಾಲದ್ದಕ್ಕೆ ಎರಡೂ ಒಂದೇ ಬ್ಯಾಂಕಿನವು, ಒಂದೇ ನೀಲಿ. ಎರಡರ ಮೇಲೂ ನನ್ನ ಹೆಸರು. ಕಂಪನಿಯ ಹೆಸರು ಮಾತ್ರ ಒಂದರ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಕೆ ಇತ್ತು. ಮರೆತೇನೆಂಬ ಭಯದಿಂದ ಎರಡಕ್ಕೂ ಒಂದೇ ಪಿನ್ ಇಟ್ಟಿದ್ದೆ. ಗುರುತಿಗೆ ಇರಲಿ ಎಂದು, ಗೆಸ್ಟ್ ಹೌಸಿನ ಗೇಟಿಗೆ ಬಳಿದು ಉಳಿದ ಕೆಂಪು ಬಣ್ಣದ ಒಂದು ಬೊಟ್ಟನ್ನು ಕಂಪನಿ ಕಾರ್ಡಿಗೆ ಇಟ್ಟೆ. ಆ ಸಂಜೆ ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯಲ್ಲಿ ಅಂದು ಬ್ರಷ್ಷು, ರೋಲರು, ಏಣಿ, ಸ್ಕೂಟರುಗಳಿಗೆಲ್ಲ ಪೂಜೆ. ಆ ಸಲ ಗಿರಿಜಾ ಕಾರ್ಡುಗಳನ್ನೂ ಮಣೆಯ ಮೇಲೆ ಕೂರಿಸಿದಳು. ಇದು ಯಾವ ಸೀಮೆ ಆಯುಧ ಎಂದು ಕೇಳಿದ್ದಕ್ಕೆ, ಅಂಗಡಿಯವನು ಸಾಮಾನು ಕೊಡುವುದು ಏಣಿಯನ್ನು ನೋಡಿಯೋ ಇದನ್ನು ನೋಡಿಯೋ ಎಂದು ನನ್ನನ್ನೇ ಕೇಳಿದಳು. ಒಂದರ ಮೇಲೆ ಆಗಲೇ ಕೆಂಪು ಬೊಟ್ಟಿದ್ದದ್ದು ಅವಳಿಗೆ ಪಕ್ಷಪಾತವಾಗಿ ಕಂಡಿತು. ಎರಡಕ್ಕೂ ಸಮನಾಗಿ ಅಡ್ಡಡ್ಡ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಳು. ಇಬ್ಬರು ಸ್ವಾಮಿಗಳು ಪಾದಪೂಜೆಗೆ ಕೂತಂತಿತ್ತು.

ಮಾರನೆಯ ದಿನ ವಿಭೂತಿ ಮೆತ್ತಿಕೊಂಡ ಕಾರ್ಡನ್ನು ಮೆಷಿನ್ ಓದೀತೇ ಎಂಬ ಚಿಂತೆ ಹತ್ತಿತು. ಬೇರೆಯವರಾಗಿದ್ದರೆ ಪಂಚೆಯ ತುದಿಯಿಂದ ಒರೆಸುತ್ತಿದ್ದರು. ನಾನು, ಅಥವಾ ಅವಳು, ಒಟ್ಟಿನಲ್ಲಿ ಪೇಂಟರ್ ಮನೆಯವರು, ಥಿನ್ನರ್ ತೆಗೆದುಕೊಂಡೆವು. ವಿಭೂತಿ ಹೋಯಿತು, ಕುಂಕುಮ ಹೋಯಿತು, ನನ್ನ ಗುರುತಿನ ಬೊಟ್ಟೂ ಹೋಯಿತು. ಕಂಪನಿಯ ಹೆಸರೂ ಅದೇ ದಾರಿ ಹಿಡಿಯಿತು. ಹೊಸದು ಹೊಳೆಯುತ್ತದೆಂದು ಹೊಳೆಯುವ ಕಾರ್ಡನ್ನು ಹುಡುಕಿದೆ. ಥಿನ್ನರ್ ಬಿದ್ದ ಮೇಲೆ ಎರಡೂ ಹೊಳೆಯುತ್ತಿದ್ದವು. ಆತ್ಮಸಾಕ್ಷಿಯನ್ನು ಕೇಳಿ ಒಂದನ್ನು ಕಂಪನಿಯದೆಂದು ಆರಿಸಿದೆ.

ಆ ಕಾರ್ಡಿನಲ್ಲಿ ಭದ್ರಾವತಿಯಲ್ಲಿ ಗೆಸ್ಟ್ ಹೌಸಿನ ಗೋಡೆಗೆ ಪುಟ್ಟಿ, ಪ್ರೈಮರ್ ಕೊಂಡೆ. ಇನ್ನೊಂದರಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗಿರಿಜಾಳಿಗೆ ರೇಷ್ಮೆ ಸೀರೆ ಕೊಡಿಸಿ, ಅವಳ ತಂಗಿಯ ಸಂಸಾರಕ್ಕೆಲ್ಲ ಹೋಟೆಲಿನಲ್ಲಿ ಊಟ ಹಾಕಿಸಿದೆ. ಬ್ಯಾಂಕಿನ ಮೆಸೇಜುಗಳನ್ನು ನಾನು ಓದುವವನಲ್ಲ. ದಿನಾ ಸಾಲ ಬೇಕೇ ಎಂದು ಪೀಡಿಸುವವರು ನಡುವೆ ಒಂದು ನಿಜವಾದ ವಿಷಯ ಹೇಳಿದರೆ ಯಾರಿಗೆ ಗೊತ್ತಾಗುತ್ತದೆ?

ಆಗಲೇ ಅದೇ ಕಂಪನಿಯ ಕ್ವಾರ್ಟರ್ಸ್ ಕಾಲೊನಿಗೆಲ್ಲ ಬಣ್ಣ ಬಳಿಯುವ ಕೆಲಸಕ್ಕೆ ರೇಟು ಕೊಟ್ಟು ಕಾಯುತ್ತಿದ್ದೆ. ಸಿಕ್ಕರೆ ವರ್ಷವಿಡೀ ಕೆಲಸ. ಸಿಗದಿದ್ದರೆ ನಮ್ಮ ಸೆಲ್ವಂ ಮೇಸ್ತ್ರಿ ಪೇಂಟರುಗಳನ್ನೆಲ್ಲ ಕರೆದುಕೊಂಡು ಕೊಯಮತ್ತೂರಿನ ಕಡೆ ಹೊರಡುವವನಿದ್ದ. ಅವನಿಲ್ಲದೆ ನಾನು ಬರೀ ವಿಸಿಟಿಂಗ್ ಕಾರ್ಡು.

ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಅಕೌಂಟ್ಸ್ ನೋಡುವ ಶಾಲಿನಿ ಮೇಡಂ ಫೋನು ಬಂತು.

"ಸಾರ್, ಗೆಸ್ಟ್ ಹೌಸ್ ಪೇಂಟಿಂಗ್‌ಗೆ ರೇಷ್ಮೆ ಸೀರೆ ಯಾತಕ್ಕೆ ಬೇಕಾಯ್ತು?"

ನಾಲಿಗೆ ನನ್ನನ್ನು ಕೇಳದೆ ಉತ್ತರ ಕೊಟ್ಟಿತು. "ಶೇಡ್ ಮ್ಯಾಚ್ ಮಾಡೋಕೆ ಮೇಡಂ."

"ಹೋಟೆಲ್ ಊಟ?"

ಅಷ್ಟರಲ್ಲಿ ಗಿರಿಜಾ ಫೋನು ಕಿತ್ತುಕೊಂಡಳು. "ಇವ್ರು ಸುಳ್ಳು ಹೇಳ್ತಿದಾರೆ ಮಾರಾಯ್ತಿ. ಸೀರೆ ನಂದು, ಉಂಡಿದ್ದು ನಾವು," ಎಂದು ಶುರು ಮಾಡಿ ವಿಭೂತಿಯಿಂದ ಥಿನ್ನರ್‌ವರೆಗೆ ಎಲ್ಲ ಒಪ್ಪಿಸಿದಳು. ಒರೆಸಿದ್ದು ನಾನೆಂದು ಅವಳು ಹೇಳಿದ್ದು ಅಲ್ಲೇ. ಬಹುಶಃ ನನ್ನ ನೆನಪೂ ಅಲ್ಲಿಂದಲೇ ಬಂದದ್ದು. ಕಾಲೊನಿ ಕೆಲಸ ಹೋಯಿತೆಂದು ನಾನು ಸೋಫಾದಲ್ಲಿ ಕುಸಿದಿದ್ದರೆ, ಇವರಿಬ್ಬರೂ ಮಾತಿನಲ್ಲಿ ಆಗಲೇ ಸೀರೆಯ ಅಂಚಿಗೆ ಬಂದಿದ್ದರು. ಮೇಡಂ ವಾಟ್ಸಾಪಿನಲ್ಲಿ ಫೋಟೋ ಕೇಳಿದರು. ಇವಳು ಉಟ್ಟುಕೊಂಡೇ ಕಳಿಸಿದಳು.

ಲೆಕ್ಕ ಸುಲಭವಾಗಿ ಬಗೆಹರಿಯಿತು. ನನ್ನ ದುಡ್ಡಲ್ಲಿ ಕಂಪನಿಗೆ ಪುಟ್ಟಿ, ಕಂಪನಿ ದುಡ್ಡಲ್ಲಿ ನಮಗೆ ಸೀರೆ. ಒಂದರಲ್ಲಿ ಒಂದನ್ನು ಕಳೆದು ಉಳಿದದ್ದನ್ನು ನಾನು ಕಟ್ಟಿದೆ. ತನ್ನ ರೇಷ್ಮೆ ಸೀರೆ ಪುಟ್ಟಿಗೆ ವಜಾ ಆಯಿತೆಂದು ಗಿರಿಜಾ ಎರಡು ದಿನ ಮಾತು ಬಿಟ್ಟಳು. ಸುದ್ದಿ ಕೇಳಿದ ಸೆಲ್ವಂ ಏಣಿಯ ಮೇಲಿಂದಲೇ, "ಸಾರ್, ನೀವು ಬ್ರಷ್ ಹಿಡ್ಕೊಳ್ಳಿ, ಕಾರ್ಡ್ ಅಕ್ಕ ಹಿಡ್ಕೊಳ್ಲಿ," ಎಂದ. ಆದರೂ ಹೊರಡುವ ಮಾತನ್ನು ಮುಂದಿನ ವಾರಕ್ಕೆ ತಳ್ಳಿದ.

ಆ ವಾರವೇ ಆರ್ಡರ್ ಬಂತು, ಇಡೀ ಕಾಲೊನಿ ನಮಗೇ. ನಾವು ಪೇಟೆಯ ಮೈಸೂರುಪಾಕು ತಿಂದು ಮುಗಿಸಿದ ಮೇಲೆ ನಾನು ಆರ್ಡರಿನಲ್ಲಿ ಬರೆದ ಶೇಡ್ ನೋಡಿದೆ. ಗೋಡೆಗೆ ಎಲೆಹಸಿರು, ಕಿಟಕಿಗಳ ಅಂಚಿಗೆ ಸಾಸಿವೆ ಹಳದಿ. ಗಿರಿಜಾ ಒಳಗೆ ಹೋಗಿ ಸೀರೆ ತಂದು ಪಕ್ಕದಲ್ಲಿಟ್ಟಳು. ಸೀರೆಯ ಮೈಯೂ ಅದೇ ಹಸಿರು, ಅಂಚೂ ಅದೇ ಹಳದಿ. ಈಗ ನೆಂಟರು ಬಂದರೆ ಅವಳೇ ಭದ್ರಾವತಿಗೆ ಕರೆದುಕೊಂಡು ಹೋಗಿ ಕಾಲೊನಿ ತೋರಿಸುತ್ತಾಳೆ.

ಒಮ್ಮೆ ತಡೆಯಲಾರದೆ ಶಾಲಿನಿ ಮೇಡಂಗೇ ಫೋನು ಮಾಡಿ, ಬಣ್ಣ ಆ ಸೀರೆ ನೋಡಿ ಆರಿಸಿದ್ದೋ ಎಂದು ಕೇಳಿದೆ. "ಯಾವ ಸೀರೆ ಸಾರ್? ನಮ್ಮ ಲೆಕ್ಕದಲ್ಲಿ ಇರೋದು ಪುಟ್ಟಿ ಮಾತ್ರ," ಎಂದರು. ನಕ್ಕರೋ, ಕೆಮ್ಮಿದರೋ.

ಕೆಲಸ ಸಿಕ್ಕಿದ್ದು ನನ್ನ ರೇಟಿಗೋ, ಗಿರಿಜಾ ಹೇಳಿದ ಸತ್ಯಕ್ಕೋ, ಅವಳ ಸೀರೆಗೋ? ಮೂರರಲ್ಲಿ ನನ್ನದು ಒಂದೇ. ಆ ರೇಟನ್ನೂ ಇಳಿಸಿ ಬರೆಸಿದ್ದು ತಾನೇ ಎನ್ನುತ್ತಾಳೆ ಅವಳು. ಇರಬಹುದು. ನನಗೆ ಗೊತ್ತಿಲ್ಲ.